ಹಂತ ಬದಲಾವಣೆಯ ಹತ್ತಿರ ಮುಕ್ತ ಕ್ವಾಂಟಂ ವ್ಯವಸ್ಥೆಗಳು ನೆಲೆಗೆ ಬರುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯ ಓದಲು ಶುರು ಮಾಡಿದವರು ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಸಮೀಕರಣ ಅರ್ಥವಾಗಿರುತ್ತದೆ. ಗ್ಯಾಪ್ ಅನ್ನುವ ಪದವೂ ಬಾಯಿಗೆ ಬಂದಿರುತ್ತದೆ. ಆದರೆ "ಹಾಗಾದರೆ ಎಷ್ಟು ಹೊತ್ತು ಕಾಯಬೇಕು?" ಅಂತ ಕೇಳಿದರೆ ತಡವರಿಸುತ್ತಾರೆ. ಆ ಒಂದು ಪ್ರಶ್ನೆಯ ಸುತ್ತಲೇ ಈ ಪುಟ ಇದೆ. ಕ್ವಾಂಟಂ ಮೆಕ್ಯಾನಿಕ್ಸ್‌ನ ಮೊದಲ ಪಾಠಗಳು ಗೊತ್ತಿದ್ದರೆ ಓದಲು ಸಾಕು.

ಮುಕ್ತ ವ್ಯವಸ್ಥೆ ಅಂದರೆ ಏನು? "ಬಹುಕಣ" ಅಂತ ಬೇರೆ ಯಾಕೆ ಸೇರಿಸುತ್ತಾರೆ?

ಹೊರಗಿನ ಜಗತ್ತಿನ ಜೊತೆ ಕೊಡು-ಕೊಳ್ಳುವುದು ಇರುವ ವ್ಯವಸ್ಥೆಯೇ ಮುಕ್ತ ವ್ಯವಸ್ಥೆ. ಎರಡು ಕನ್ನಡಿಗಳ ನಡುವೆ ಸಿಕ್ಕಿಕೊಂಡ ಬೆಳಕನ್ನು ತೆಗೆದುಕೊಳ್ಳಿ. ಇದಕ್ಕೆ ಕ್ಯಾವಿಟಿ ಅನ್ನುತ್ತಾರೆ. ಕನ್ನಡಿ ಎಷ್ಟೇ ಚೆನ್ನಾಗಿದ್ದರೂ ಆಗೊಂದು ಈಗೊಂದು ಫೋಟಾನ್ ಸೋರಿಹೋಗುತ್ತದೆ. ಸೋರಿದ್ದನ್ನು ತುಂಬಲು ಲೇಸರ್‌ನಿಂದ ಬೆಳಕು ಹಾಕುತ್ತಲೇ ಇರುತ್ತೇವೆ. ಒಳಗೆ ಬರುವುದು, ಹೊರಗೆ ಹೋಗುವುದು ಸರಿತೂಗಿದಾಗ ವ್ಯವಸ್ಥೆ ಒಂದು ನೆಲೆಗೆ ಬರುತ್ತದೆ. ಈ ನೆಲೆ ಸುಮ್ನೆ ಕೂತಿರುವ ಸಮತೋಲನ ಅಲ್ಲ. ಒಳಗೆ ಹರಿವು ನಡೆದೇ ಇರುತ್ತದೆ.

ಒಂದೇ ಪರಮಾಣು ಸೋರುತ್ತಿದ್ದರೆ ಲೆಕ್ಕ ಸುಲಭ. ಸಾವಿರಾರು ಪರಮಾಣುಗಳು ಒಂದನ್ನೊಂದು ಎಳೆದಾಡುತ್ತಾ ಸೋರಿದಾಗ ಮಾತ್ರ ಹಂತ ಬದಲಾವಣೆ ಹುಟ್ಟುತ್ತದೆ. ಲೇಸರ್‌ನ ಬಲವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋದರೆ, ಒಂದು ಜಾಗದಲ್ಲಿ ಇಡೀ ಗುಂಪಿನ ನೆಲೆಯೇ ಬೇರೆಯಾಗಿಬಿಡುತ್ತದೆ. ಆ ಜಾಗದ ಹೆಸರು ಸಂಧಿಬಿಂದು ಅಂತ ಇಟ್ಟುಕೊಳ್ಳೋಣ.

ನೆಲೆಗೆ ಬರುವುದು ಹೇಗೆ ಕಾಣುತ್ತದೆ? ಮೊದಲು ಒಂದೇ ಕ್ಯೂಬಿಟ್‌ನಲ್ಲಿ ಹೇಳಿ.

ಕ್ಯೂಬಿಟ್ ಅಂದರೆ ಎರಡೇ ಮಟ್ಟ ಇರುವ ಕ್ವಾಂಟಂ ವ್ಯವಸ್ಥೆ. ಅದರಲ್ಲಿ ಎರಡು ಗಡಿಯಾರ ಇವೆ. ಮೇಲಿನ ಮಟ್ಟದಲ್ಲಿದ್ದ ಕ್ಯೂಬಿಟ್ ಕೆಳಗೆ ಬೀಳಲು ಹಿಡಿಯುವ ಹೊತ್ತು ಟಿ-1. ಎರಡೂ ಮಟ್ಟಗಳ ಬೆರಕೆಯಲ್ಲಿರುವ ತಾಳಮೇಳ ಕಳೆದುಹೋಗಲು ಹಿಡಿಯುವ ಹೊತ್ತು ಟಿ-2. ಟಿ-2 ಯಾವತ್ತೂ ಟಿ-1 ರ ಎರಡು ಪಟ್ಟನ್ನು ಮೀರುವುದಿಲ್ಲ. ಎರಡೂ ಘಾತೀಯವಾಗಿ ಇಳಿಯುತ್ತವೆ. ಅಂದರೆ ಒಂದು ಟಿ-1 ಕಳೆದಾಗ ಶೇ 37 ಉಳಿದಿರುತ್ತದೆ, ಐದು ಟಿ-1 ಕಳೆದಾಗ ಶೇ 1 ಕ್ಕಿಂತ ಕಡಿಮೆ. ಎಷ್ಟು ಕಾಯಬೇಕು ಅನ್ನುವ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಇದೆ. ಕಣಗಳು ಜಾಸ್ತಿಯಾದಾಗ ಈ ನೇರ ಉತ್ತರ ಉಳಿಯುವುದಿಲ್ಲ.

ಇದಕ್ಕೆ ಬಳಸುವ ಸಮೀಕರಣ ಯಾವುದು?

ಲಿಂಡ್‌ಬ್ಲಾಡ್ ಸಮೀಕರಣ. 1976 ರಲ್ಲಿ ಯೋರಾನ್ ಲಿಂಡ್‌ಬ್ಲಾಡ್ ಒಂದು ಪ್ರಬಂಧದಲ್ಲಿ, ಗೋರಿನಿ, ಕೊಸಾಕೋವ್‌ಸ್ಕಿ ಮತ್ತು ಇ.ಸಿ.ಜಿ. ಸುದರ್ಶನ್ ಇನ್ನೊಂದು ಪ್ರಬಂಧದಲ್ಲಿ ಇದನ್ನು ಕೊಟ್ಟರು. ಹಾಗಾಗಿ ನಾಲ್ವರ ಹೆಸರನ್ನೂ ಸೇರಿಸಿ ಹೇಳುವುದೇ ನ್ಯಾಯ.

ಇದರಲ್ಲಿ ಎರಡು ಭಾಗ ಇವೆ. ಒಂದು ಭಾಗ ಹ್ಯಾಮಿಲ್ಟೋನಿಯನ್, ಅಂದರೆ ವ್ಯವಸ್ಥೆಯ ಸ್ವಂತ ಕುಣಿತ. ಇನ್ನೊಂದು ಭಾಗ ಜಿಗಿತಗಳದ್ದು: ಫೋಟಾನ್ ಸೋರಿದ್ದು, ಸ್ಪಿನ್ ಮಗುಚಿದ್ದು, ಹೀಗೆ. ಒಂದು ಷರತ್ತೂ ಇದೆ. ಪರಿಸರಕ್ಕೆ ನೆನಪು ಇರಬಾರದು. ಹೋದ ಫೋಟಾನ್ ಹೋಯಿತು, ಅದು ಮರಳಿ ಬಂದು ತೊಂದರೆ ಕೊಡಬಾರದು. ಕ್ಯಾವಿಟಿ ಮತ್ತು ಲೇಸರ್ ಪ್ರಯೋಗಗಳಲ್ಲಿ ಈ ಷರತ್ತು ಚೆನ್ನಾಗಿ ಹೊಂದುತ್ತದೆ. ಗಟ್ಟಿ ಪದಾರ್ಥಗಳಲ್ಲಿ ಕೆಲವೊಮ್ಮೆ ಹೊಂದುವುದಿಲ್ಲ. ಆಗ ಬೇರೆ ದಾರಿ ಹಿಡಿಯಬೇಕು.

ಗ್ಯಾಪ್ ಅಂದರೆ ನಿಖರವಾಗಿ ಏನು?

ಸಮೀಕರಣದ ಬಲಗಡೆ ಇರುವ ಇಡೀ ಯಂತ್ರಕ್ಕೆ ಲ್ಯೂವಿಲಿಯನ್ ಅಂತ ಹೆಸರು. ಅದಕ್ಕೂ ಐಗನ್ ಮೌಲ್ಯಗಳಿವೆ. ಒಂದು ಮೌಲ್ಯ ಸೊನ್ನೆ. ಅದರ ಜೊತೆಗಿರುವುದೇ ನೆಲೆಯ ಸ್ಥಿತಿ. ಉಳಿದವುಗಳ ನೈಜ ಭಾಗ ಋಣ, ಅಂದರೆ ಹೊತ್ತು ಕಳೆದಂತೆ ಅವು ಅಳಿಯುತ್ತವೆ. ಕಾಲ್ಪನಿಕ ಭಾಗ ಇದ್ದರೆ ಅಳಿಯುತ್ತಾ ತೂಗಾಡುತ್ತವೆ. ಈ ಗುಂಪಿನಲ್ಲಿ ಸೊನ್ನೆಗೆ ಎಲ್ಲಕ್ಕಿಂತ ಹತ್ತಿರ ಇರುವುದು ಎಷ್ಟು ದೂರದಲ್ಲಿದೆಯೋ ಅದೇ ಗ್ಯಾಪ್. ಎಲ್ಲರಿಗಿಂತ ನಿಧಾನವಾಗಿ ಅಳಿಯುವ ಅಂಶದ ವೇಗ ಅದು.

ಬರೀ ಹ್ಯಾಮಿಲ್ಟೋನಿಯನ್‌ಗೂ ಗ್ಯಾಪ್ ಇದೆ, ಅದು ಎರಡು ಶಕ್ತಿಗಳ ನಡುವಿನ ಅಂತರ. ಹೆಸರು ಒಂದೇ ಆದರೂ ಇವೆರಡನ್ನು ಬೆರೆಸಬೇಡಿ. ಲ್ಯೂವಿಲಿಯನ್ ಗ್ಯಾಪ್ ವೇಗ ಹೇಳುತ್ತದೆ, ಶಕ್ತಿ ಹೇಳುವುದಿಲ್ಲ.

ಸಂಧಿಬಿಂದುವಿನ ಹತ್ತಿರ ಎಲ್ಲವೂ ಯಾಕೆ ನಿಧಾನ ಆಗುತ್ತದೆ? ಒಂದು ಲೆಕ್ಕ ಮಾಡಿ ತೋರಿಸಿ.

ಇದು ಕೈಯಲ್ಲೇ ಮಾಡಿ ನೋಡಬೇಕಾದ ಲೆಕ್ಕ. ಗುಂಪಿನ ಸ್ಥಿತಿಯನ್ನು ಒಂದೇ ಸಂಖ್ಯೆಯಲ್ಲಿ ಹಿಡಿದಿಡೋಣ. ಆ ಸಂಖ್ಯೆ ಸೊನ್ನೆಯಾದರೆ ವ್ಯವಸ್ಥೆ ನೆಲೆಗೆ ಬಂದ ಹಾಗೆ. ಅದನ್ನು ಸೊನ್ನೆಗೆ ಎಳೆಯುವ ಶಕ್ತಿಗಳು ಎರಡು. ಒಂದು, ಆ ಸಂಖ್ಯೆಗೆ ಅನುಗುಣವಾದ ಎಳೆತ. ಇದರ ಬಲ ನಾವು ಸಂಧಿಬಿಂದುವಿನಿಂದ ಎಷ್ಟು ದೂರ ಇದ್ದೇವೆ ಅನ್ನುವುದರ ಮೇಲೆ ನಿಂತಿದೆ. ಇನ್ನೊಂದು, ಆ ಸಂಖ್ಯೆಯ ಘನಕ್ಕೆ ಅನುಗುಣವಾದ ಎಳೆತ. ಇದು ಯಾವಾಗಲೂ ಇದೆ, ಬಲವನ್ನು 1 ಅಂತ ಇಟ್ಟುಕೊಳ್ಳೋಣ.

ಈಗ 1 ರಿಂದ ಹೊರಟು 0.01 ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ನೋಡೋಣ. ದೂರ 1 ಇದ್ದಾಗ ಬೇಕಾಗುವ ಹೊತ್ತು ಸುಮಾರು 4.3. ದೂರ 0.1 ಆದರೆ 34. ದೂರ 0.01 ಆದರೆ 230. ದೂರ 0.001 ಆದರೆ ಸುಮಾರು 1,200. ಸರಿಯಾಗಿ ಸಂಧಿಬಿಂದುವಿನ ಮೇಲೇ ನಿಂತರೆ ಸುಮಾರು 5,000.

ಸಂಖ್ಯೆಗಳಿಗಿಂತ ಮುಖ್ಯವಾದದ್ದು ಇಳಿಯುವ ರೀತಿ. ದೂರ ಇದ್ದಾಗ ಪ್ರತಿ ಗಳಿಗೆಯಲ್ಲೂ ಉಳಿದದ್ದರ ಒಂದು ನಿಗದಿ ಪಾಲು ಕಳೆಯುತ್ತದೆ. ಸಂಧಿಬಿಂದುವಿನ ಮೇಲೆ ಆ ಮೊದಲ ಎಳೆತವೇ ಇಲ್ಲ. ಬರೀ ಘನದ ಎಳೆತ ಉಳಿದಿದೆ. 0.1 ರ ಘನ 0.001, 0.01 ರ ಘನ 0.000001. ನೆಲೆಗೆ ಹತ್ತಿರ ಬಂದಷ್ಟೂ ಎಳೆಯುವ ಕೈ ಸೋಲುತ್ತದೆ. ಹಾಗಾಗಿ ಇಳಿತ ಹೊತ್ತಿನ ವರ್ಗಮೂಲಕ್ಕೆ ವಿಲೋಮವಾಗಿ ಸಾಗುತ್ತದೆ. 0.01 ರಿಂದ 0.001 ಕ್ಕೆ ಬರಬೇಕಾದರೆ ಮತ್ತೆ ನೂರು ಪಟ್ಟು ಹೊತ್ತು ಬೇಕು. ಇದಕ್ಕೆ ಅರ್ಧಾಯುಷ್ಯ ಅಂತ ಒಂದು ಸಂಖ್ಯೆ ಕೊಡಲು ಬರುವುದೇ ಇಲ್ಲ, ಯಾಕೆಂದರೆ ಪ್ರತಿ ಅರ್ಧಕ್ಕೂ ಹಿಂದಿನ ಅರ್ಧದ ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ.

ಅದು ಒಂದೇ ಸಂಖ್ಯೆಯ ಲೆಕ್ಕ ಆಯಿತು. ನಿಜವಾದ ಗುಂಪಿನಲ್ಲಿ ಏನಾಗುತ್ತದೆ?

ಸಂಧಿಬಿಂದು ಹತ್ತಿರ ಬಂದ ಹಾಗೆ, ಒಂದು ಸ್ಪಿನ್‌ಗೆ ಆದದ್ದು ಎಷ್ಟು ದೂರದ ಸ್ಪಿನ್‌ಗೆ ತಟ್ಟುತ್ತದೋ ಆ ಉದ್ದ ಬೆಳೆಯುತ್ತದೆ. ಒಟ್ಟೊಟ್ಟಿಗೆ ಬದಲಾಗಬೇಕಾದ ತುಂಡು ದೊಡ್ಡದಾದಷ್ಟೂ ಹೊತ್ತು ಜಾಸ್ತಿ. ಹೊತ್ತು ಆ ಉದ್ದದ ಯಾವ ಘಾತಕ್ಕೆ ಬೆಳೆಯುತ್ತದೆ ಅನ್ನುವುದನ್ನು ಝಡ್ ಅನ್ನುವ ಘಾತಾಂಕ ಹೇಳುತ್ತದೆ. ಎರಡು ಆಯಾಮದ ಐಸಿಂಗ್ ಮಾದರಿಯಲ್ಲಿ (ಮೇಲೆ ಇಲ್ಲವೇ ಕೆಳಗೆ ಮುಖ ಮಾಡಿ ಪಕ್ಕದವರ ಜೊತೆ ಸೇರಿಕೊಂಡ ಸ್ಪಿನ್‌ಗಳ ಮಾದರಿ), ಒಟ್ಟು ಸ್ಪಿನ್‌ನಂಥ ಯಾವ ಮೊತ್ತವೂ ಬದಲಾಗದೆ ಉಳಿಯಬೇಕು ಅನ್ನುವ ಕಟ್ಟುಪಾಡಿಲ್ಲದ ಸರಳ ಚಲನೆಗೆ, ಇದು ಸುಮಾರು 2.17. ಉದ್ದ 10 ಪಟ್ಟಾದರೆ ಹೊತ್ತು ಸುಮಾರು 150 ಪಟ್ಟು. 1977 ರಲ್ಲಿ ಹೋಹೆನ್‌ಬರ್ಗ್ ಮತ್ತು ಹಾಲ್ಪೆರಿನ್ ಇಂಥ ಚಲನೆಗಳನ್ನೆಲ್ಲ ಗುಂಪು ಗುಂಪಾಗಿ ವಿಂಗಡಿಸಿದರು. ಆ ವಿಂಗಡಣೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಎಲ್ಲಾ ಹಂತ ಬದಲಾವಣೆಗಳಲ್ಲೂ ನಿಧಾನ ಒಂದೇ ಥರ ಇರುತ್ತದಾ?

ಇಲ್ಲ. ಮೇಲೆ ಹೇಳಿದ್ದು ನಯವಾಗಿ ಬದಲಾಗುವ ಬಗೆ. ಇನ್ನೊಂದು ಬಗೆ ಇದೆ: ಒಮ್ಮೆಲೇ ನೆಗೆಯುವುದು. ಅಲ್ಲಿ ನಿಧಾನದ ಕಾರಣವೇ ಬೇರೆ.

ಲೇಸರ್ ಹಾಕಿದ ಕ್ಯಾವಿಟಿಯೊಳಗೆ ಫೋಟಾನ್‌ಗಳು ಒಂದನ್ನೊಂದು ತಳ್ಳುತ್ತವೆ ಅಂದುಕೊಳ್ಳಿ. ಏರಿಳಿತಗಳನ್ನು ಬಿಟ್ಟು ಬರೀ ಸರಾಸರಿಯನ್ನು ಹಿಡಿಯುವ ಲೆಕ್ಕ, ಅಂದರೆ ಸರಾಸರಿ ಕ್ಷೇತ್ರದ ಲೆಕ್ಕ ಮಾಡಿದರೆ ಒಂದೇ ಲೇಸರ್ ಬಲಕ್ಕೆ ಎರಡು ಉತ್ತರ ಬರುತ್ತವೆ. ಒಂದರಲ್ಲಿ ಕ್ಯಾವಿಟಿ ಮಸುಕು, ಇನ್ನೊಂದರಲ್ಲಿ ಪ್ರಕಾಶ. ಆದರೆ 1980 ರಲ್ಲಿ ಡ್ರಮಂಡ್ ಮತ್ತು ವಾಲ್ಸ್ ಕೊಟ್ಟ ಪೂರ್ತಿ ಕ್ವಾಂಟಂ ಉತ್ತರ ಒಂದೇ ಒಂದು. ಹಾಗಾದರೆ ಯಾವುದು ಸರಿ? ಈ ಪ್ರಶ್ನೆ ನನಗೆ ಬಹಳ ಇಷ್ಟ, ಯಾಕೆಂದರೆ ಉತ್ತರ ಕಾಲದಲ್ಲಿದೆ.

ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿ. ಹೊರಗೆ ಬರುವ ಬೆಳಕನ್ನು ಅಳೆಯುತ್ತಾ ಕೂತರೆ ಅದು ಬಹಳ ಹೊತ್ತು ಮಸುಕಾಗಿಯೇ ಇರುತ್ತದೆ. ಇದ್ದಕ್ಕಿದ್ದ ಹಾಗೆ ಪ್ರಕಾಶಕ್ಕೆ ನೆಗೆಯುತ್ತದೆ. ಅಲ್ಲೂ ಬಹಳ ಹೊತ್ತು ನಿಂತು ಮತ್ತೆ ಕೆಳಗೆ ಬೀಳುತ್ತದೆ. ನಡುವಿನ ಮಟ್ಟದಲ್ಲಿ ನಿಲ್ಲುವುದೇ ಇಲ್ಲ. ಪೂರ್ತಿ ಕ್ವಾಂಟಂ ಉತ್ತರ ಅನ್ನುವುದು ಈ ಎರಡರ ಬೆರಕೆ: ಇಷ್ಟು ಪಾಲು ಹೊತ್ತು ಮಸುಕು, ಇಷ್ಟು ಪಾಲು ಹೊತ್ತು ಪ್ರಕಾಶ. ಸರಾಸರಿ ಕ್ಷೇತ್ರದ ಎರಡು ಉತ್ತರಗಳೂ ಸುಳ್ಳಲ್ಲ, ಅವು ಬಹಳ ಹೊತ್ತು ಬಾಳುವ ತಂಗುದಾಣಗಳು. ಲ್ಯೂವಿಲಿಯನ್‌ನ ಎಲ್ಲಕ್ಕಿಂತ ನಿಧಾನದ ಅಂಶ ಇಲ್ಲಿ ಪ್ರಕಾಶದ ಸ್ಥಿತಿಯಿಂದ ಮಸುಕಿನ ಸ್ಥಿತಿಯನ್ನು ಕಳೆದರೆ ಸಿಗುವ ವ್ಯತ್ಯಾಸವೇ. ಎರಡೂ ಕಡೆಯಿಂದ ಸರಾಸರಿ 1,000 ಘಟಕ ಹೊತ್ತಿಗೆ ಒಂದು ನೆಗೆತ ಆಗುತ್ತಿದ್ದರೆ, ನೆಲೆಗೆ ಬರುವ ಹೊತ್ತು 500 ಘಟಕ. ಎರಡು ಕಡೆಯ ನೆಗೆತಗಳೂ ಕೂಡಿ ನೆನಪನ್ನು ಅಳಿಸುತ್ತವೆ, ಅದಕ್ಕೇ ಅರ್ಧ.

ವ್ಯವಸ್ಥೆ ದೊಡ್ಡದಾದ ಹಾಗೆ ಈ ನೆಗೆತಗಳು ಘಾತೀಯವಾಗಿ ಅಪರೂಪ ಆಗುತ್ತವೆ. ನಯವಾದ ಬದಲಾವಣೆಯಲ್ಲಿ ಗ್ಯಾಪ್ ಗಾತ್ರದ ಒಂದು ಘಾತದಂತೆ ಕುಗ್ಗುತ್ತದೆ. ಇಲ್ಲಿ ಅದಕ್ಕಿಂತ ಎಷ್ಟೋ ಬೇಗ ಸೊನ್ನೆಯ ಕಡೆ ಓಡುತ್ತದೆ. ಹಿಸ್ಟರಿಸಿಸ್ ಕಾಣುವುದೂ ಇದರಿಂದಲೇ. ಲೇಸರ್ ಬಲವನ್ನು ಮೇಲೆ ಒಯ್ಯುವಾಗ ಒಂದು ದಾರಿ, ಕೆಳಗೆ ತರುವಾಗ ಇನ್ನೊಂದು. ಬಹಳ ನಿಧಾನವಾಗಿ ಒಯ್ದರೆ ಎರಡು ದಾರಿಗಳ ನಡುವಿನ ಜಾಗ ಕಿರಿದಾಗುತ್ತಾ ಹೋಗುತ್ತದೆ. 2017 ರಲ್ಲಿ ಅರೆವಾಹಕದ ಪುಟ್ಟ ಕ್ಯಾವಿಟಿಗಳಲ್ಲಿ ಈ ಜಾಗ ಕುಗ್ಗುವುದನ್ನೇ ಅಳೆದು ಹಂತ ಬದಲಾವಣೆಯ ಸುಳಿವು ಹಿಡಿದರು.

ಸೋರಿಕೆ ಇದ್ದ ಮೇಲೆ ಕ್ವಾಂಟಂ ಅನ್ನುವುದು ಉಳಿಯುತ್ತದಾ? ಇದು ಬರೀ ಶಾಖದ ಹಂತ ಬದಲಾವಣೆ ಅಲ್ವಾ?

ಬಹಳ ಸಲ ಉತ್ತರ "ಹೌದು, ಆ ಥರವೇ ಕಾಣುತ್ತದೆ". ಡಿಕೆ ಮಾದರಿ ಇದಕ್ಕೆ ಒಳ್ಳೆಯ ಉದಾಹರಣೆ. ಅನೇಕ ಪರಮಾಣುಗಳು ಒಂದೇ ಕ್ಯಾವಿಟಿಯ ಬೆಳಕಿನ ಜೊತೆ ಸೇರಿರುತ್ತವೆ. ಜೋಡಣೆಯ ಬಲ ಒಂದು ಮಿತಿ ದಾಟಿದರೆ ಕ್ಯಾವಿಟಿಯಲ್ಲಿ ತಾನಾಗಿಯೇ ಬೆಳಕು ತುಂಬಿಕೊಳ್ಳುತ್ತದೆ. ಈ ಹಂತ ಬದಲಾವಣೆಯನ್ನು 1973 ರಲ್ಲಿ ಹೆಪ್ ಮತ್ತು ಲೀಬ್ ತೋರಿಸಿದರು. ಸೋರಿಕೆ ಇಲ್ಲದಿದ್ದರೆ, ಮಿತಿಯ ಹತ್ತಿರ ಬಂದಾಗ ಫೋಟಾನ್‌ಗಳ ಏರಿಳಿತ ಬೆಳೆಯುವ ಘಾತಾಂಕ ಅರ್ಧ. ಸೋರಿಕೆ ಸೇರಿಸಿದರೆ ಅದು 1 ಆಗುತ್ತದೆ. ಶಾಖ ಇರುವ ವ್ಯವಸ್ಥೆಯಲ್ಲಿ ಸಿಗುವ ಸಂಖ್ಯೆಯೂ ಇದೇ.

ಹೊರಗಿನ ಪರಿಸರದಲ್ಲಿ ಶಾಖವೇ ಇಲ್ಲದಿದ್ದರೂ ಹೀಗಾಗುತ್ತದೆ ಅನ್ನುವುದನ್ನು ಗಮನಿಸಿ. ಸೋರಿಕೆ ಜೊತೆಯಲ್ಲೇ ಗದ್ದಲವನ್ನೂ ತರುತ್ತದೆ. ಸಂಧಿಬಿಂದುವಿನ ಹತ್ತಿರ ಉಳಿಯುವುದು ಬಹಳ ನಿಧಾನವಾದ ಚಲನೆ ಮಾತ್ರ. ಆ ನಿಧಾನ ಚಲನೆಯ ಕಣ್ಣಿಗೆ ಈ ಗದ್ದಲ ಒಂದು ಉಷ್ಣಾಂಶದ ಹಾಗೆ ಕಾಣುತ್ತದೆ.

ಆದರೆ ಯಾವಾಗಲೂ ಕಥೆ ಅಲ್ಲಿಗೇ ಮುಗಿಯುವುದಿಲ್ಲ. 2013 ರಲ್ಲಿ ಸೀಬರರ್, ಹ್ಯೂಬರ್, ಆಲ್ಟ್‌ಮನ್ ಮತ್ತು ಡೀಲ್ ಮೂರು ಆಯಾಮದ ಚಾಲಿತ ಕಂಡೆನ್ಸೇಟ್‌ಗಳಲ್ಲಿ (ಹೊರಗಿನಿಂದ ತುಂಬುತ್ತಲೇ ಇರುವ, ಬಹುಪಾಲು ಕಣಗಳು ಒಂದೇ ಸ್ಥಿತಿಗೆ ಬಂದ ಗುಂಪುಗಳು), ಸಮತೋಲನದಲ್ಲಿ ಕಾಣದ ಒಂದು ಹೊಸ ಘಾತಾಂಕ ಬರುತ್ತದೆ ಅಂತ ಲೆಕ್ಕ ಹಾಕಿದರು. ಒಂದು ಆಯಾಮದಲ್ಲಿ ಇನ್ನೂ ಸ್ಪಷ್ಟ. ಅಲ್ಲಿ ಬೆಳಕು-ದ್ರವ್ಯ ಬೆರೆತ ಪೋಲಾರಿಟಾನ್‌ಗಳ ಫೇಸ್ (ಅಲೆ ತನ್ನ ಏರಿಳಿತದಲ್ಲಿ ಎಲ್ಲಿದೆ ಅನ್ನುವುದು), ಬೆಳೆಯುತ್ತಿರುವ ಒರಟು ಮೇಲ್ಮೈಯ ನಿಯಮ ಪಾಲಿಸುತ್ತದೆ. ಕಾರ್ದಾರ್, ಪಾರಿಸಿ, ಝಾಂಗ್ 1986 ರಲ್ಲಿ ಕೊಟ್ಟ ನಿಯಮ ಅದು. ಅಲ್ಲಿ ಝಡ್ 3/2. 2022 ರಲ್ಲಿ ಪ್ರಯೋಗದಲ್ಲೂ ಇದು ಕಂಡಿತು.

ಡಿಕೆ ಮಾದರಿಯಲ್ಲಿ ನೆಲೆಗೆ ಬರುವ ಚಲನೆಯನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ನೋಡಿದ್ದಾರೆ. ಝೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ ಎಸ್ಲಿಂಗರ್ ಅವರ ಗುಂಪು 2010 ರಲ್ಲಿ ಲಕ್ಷದಷ್ಟು ತಂಪು ರುಬಿಡಿಯಂ ಪರಮಾಣುಗಳನ್ನು ಕ್ಯಾವಿಟಿಯೊಳಗೆ ಇಟ್ಟು ಈ ಬದಲಾವಣೆ ತೋರಿಸಿತು. 2013 ರಲ್ಲಿ ಅದೇ ಗುಂಪು ಏರಿಳಿತಗಳನ್ನು ಆಗುತ್ತಿರುವಾಗಲೇ ಅಳೆಯಿತು. ಇಲ್ಲೊಂದು ಸೊಗಸು ಇದೆ. ಸೋರುವ ಫೋಟಾನ್‌ಗಳೇ ಒಳಗಿನ ಸುದ್ದಿ ಹೊತ್ತು ತರುತ್ತವೆ. ಮುಚ್ಚಿದ ವ್ಯವಸ್ಥೆಯಲ್ಲಿ ಈ ಕಿಟಕಿಯೇ ಇರುವುದಿಲ್ಲ.

ಇಲ್ಲಿ ನೆಲೆಗೆ ಬರುವ ಬಗೆಯೂ ಸ್ವಾರಸ್ಯ. ಸಂಧಿಬಿಂದುವಿನಿಂದ ದೂರ ಇದ್ದಾಗ ವ್ಯವಸ್ಥೆ ತೂಗಾಡುತ್ತಾ ತಣಿಯುತ್ತದೆ. ಹತ್ತಿರ ಬಂದ ಹಾಗೆ ತೂಗಾಟ ನಿಧಾನ ಆಗುತ್ತದೆ. ಸಂಧಿಬಿಂದು ಬರುವುದಕ್ಕೂ ಸ್ವಲ್ಪ ಮೊದಲೇ ತೂಗಾಟ ಪೂರ್ತಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಅಳಿಯುವ ವೇಗ ಎರಡಾಗಿ ಒಡೆಯುತ್ತದೆ. ಒಂದು ಜಾಸ್ತಿಯಾಗುತ್ತದೆ, ಇನ್ನೊಂದು ಇಳಿಯುತ್ತಾ ಸೊನ್ನೆ ಮುಟ್ಟುತ್ತದೆ. ಆ ಮುಟ್ಟಿದ ಜಾಗವೇ ಸಂಧಿಬಿಂದು. ಸೋರಿಕೆ ಇಲ್ಲದ ವ್ಯವಸ್ಥೆಯಲ್ಲಿ ಸೊನ್ನೆ ಮುಟ್ಟುವುದು ತೂಗಾಟದ ಆವರ್ತನ. ಎರಡರಲ್ಲೂ "ಮೆದುವಾಗುವುದು" ಇದೆ, ಆದರೆ ಮೆದುವಾಗುವ ವಸ್ತು ಬೇರೆ.

ಗ್ಯಾಪ್ ಗೊತ್ತಾದರೆ ಕಾಯಬೇಕಾದ ಹೊತ್ತೂ ಗೊತ್ತಾದ ಹಾಗೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದರು. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ: ಗ್ಯಾಪ್ ಹೇಳುವುದು ಕೊನೆಯ ಹೆಜ್ಜೆಗಳ ವೇಗ. ಕೊನೆಯ ಹೆಜ್ಜೆ ಯಾವಾಗ ಶುರುವಾಗುತ್ತದೆ ಅಂತ ಅದು ಹೇಳುವುದಿಲ್ಲ.

ಒಂದು ಉದ್ದ ಸರಪಳಿ ಊಹಿಸಿಕೊಳ್ಳಿ. ಒಂದು ಕಣ ಅದರ ಮೇಲೆ ಜಿಗಿಯುತ್ತದೆ. ಸೋರಿಕೆಯ ರೀತಿ ಹೇಗಿದೆ ಅಂದರೆ ಬಲಕ್ಕೆ ಜಿಗಿಯುವುದು ಜಾಸ್ತಿ, ಎಡಕ್ಕೆ ಕಡಿಮೆ. ಕೊನೆಗೆ ಕಣ ಬಲತುದಿಯಲ್ಲಿ ನೆಲೆಸುತ್ತದೆ. ಎಡತುದಿಯಲ್ಲಿ ಬಿಟ್ಟರೆ ಬಲತುದಿಗೆ ಬರಲು ಸರಪಳಿಯ ಉದ್ದಕ್ಕೆ ತಕ್ಕ ಹೊತ್ತು ಬೇಕೇ ಬೇಕು. ಇದಕ್ಕೆ ಗಣಿತವೇ ಬೇಡ. ಆದರೆ ಗ್ಯಾಪ್ ಲೆಕ್ಕ ಹಾಕಿದರೆ ಅದು ಉದ್ದದ ಮೇಲೆ ನಿಂತೇ ಇಲ್ಲ! ಸರಪಳಿ 10 ಇರಲಿ, 10,000 ಇರಲಿ, ಗ್ಯಾಪ್ ಒಂದು ಸೊನ್ನೆಯಲ್ಲದ ಸಂಖ್ಯೆಗೆ ಅಂಟಿಕೊಂಡಿರುತ್ತದೆ.

ಎಲ್ಲಿ ತಪ್ಪಿತು? ಲ್ಯೂವಿಲಿಯನ್‌ನ ಅಂಶಗಳು ಒಂದಕ್ಕೊಂದು ಲಂಬವಾಗಿಲ್ಲ. ಇಲ್ಲಿ ಅವೆಲ್ಲ ಒಂದೇ ತುದಿಗೆ ಒತ್ತಿಕೊಂಡಿವೆ. ಎಡತುದಿಯಲ್ಲಿರುವ ಕಣವನ್ನು ಆ ಅಂಶಗಳಿಂದ ಕಟ್ಟಬೇಕಾದರೆ ದೈತ್ಯ ಸಂಖ್ಯೆಗಳನ್ನು ಕೂಡಿ ಕಳೆಯಬೇಕು. 1 ಅನ್ನು 1,00,00,000 ದಿಂದ 99,99,999 ಕಳೆದು ಬರೆದ ಹಾಗೆ. ಪ್ರತಿ ಅಂಶವೂ ಬೇಗ ಅಳಿಯುತ್ತದೆ ನಿಜ. ಆದರೆ ಅಷ್ಟು ದೊಡ್ಡದರಿಂದ ಹೊರಟದ್ದು ಚಿಕ್ಕದಾಗಲು ಹೊತ್ತು ಹಿಡಿಯುತ್ತದೆ. ಆ ದೈತ್ಯ ಸಂಖ್ಯೆ ಉದ್ದದ ಜೊತೆ ಘಾತೀಯವಾಗಿ ಬೆಳೆಯುತ್ತದೆ, ಹಾಗಾಗಿ ಹೊತ್ತು ಉದ್ದಕ್ಕೆ ಅನುಗುಣವಾಗಿ ಬೆಳೆಯುತ್ತದೆ. 2021 ರಲ್ಲಿ ಹಾಗಾ, ನಾಕಾಗಾವಾ, ಹಮಾಜಾಕಿ ಮತ್ತು ಉಎಡಾ ಇದನ್ನು ಲ್ಯೂವಿಲಿಯನ್ ಸ್ಕಿನ್ ಎಫೆಕ್ಟ್ ಅಂತ ಕರೆದರು. ಅದಕ್ಕೂ ಒಂದು ವರ್ಷ ಮೊದಲು ಮೋರಿ ಮತ್ತು ಶಿರಾಯ್, ಬರೀ ತುದಿಗಳಲ್ಲಿ ಸೋರುವ ವ್ಯವಸ್ಥೆಗಳಲ್ಲೂ ಗ್ಯಾಪ್ ಮತ್ತು ನಿಜವಾದ ಹೊತ್ತು ಹೊಂದದಿರುವುದನ್ನು ತೋರಿಸಿದ್ದರು.

ಸಂಧಿಬಿಂದು ಇಲ್ಲದಿದ್ದರೂ ವ್ಯವಸ್ಥೆ ನಿಧಾನ ಆಗಬಹುದಾ?

ಆಗಬಹುದು, ಇದನ್ನು ಮರೆತವರು ಸಂಧಿಬಿಂದು ಇಲ್ಲದ ಕಡೆ ಅದನ್ನು ಕಂಡುಬಿಡುತ್ತಾರೆ. ಯಾವುದಾದರೂ ಒಂದು ಮೊತ್ತ ಬದಲಾಗದೆ ಉಳಿಯಬೇಕು ಅನ್ನುವ ಕಟ್ಟುಪಾಡು ಇದ್ದರೆ ಸಾಕು. ಒಟ್ಟು ಸ್ಪಿನ್ ಬದಲಾಗದ ಹಾಗೆ ಬರೀ ಫೇಸ್ ಕೆಡಿಸುವ ಗದ್ದಲ ಇದೆ ಅನ್ನಿ. ಒಂದು ಕಡೆ ಜಾಸ್ತಿಯಾದ ಸ್ಪಿನ್ ಮಾಯವಾಗಲು ಬರುವುದಿಲ್ಲ. ಅದು ಹರಡಿಕೊಳ್ಳಲೇಬೇಕು. ಹರಡುವುದು ನಿಧಾನದ ಕೆಲಸ. ಗ್ಯಾಪ್ ಉದ್ದದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ತುದಿಗಳಲ್ಲಿ ಮಾತ್ರ ಸೋರುವ ಸರಪಳಿಗಳಿಗೆ 2015 ರಲ್ಲಿ ಝ್ನಿದಾರಿಚ್ ಇನ್ನೊಂದು ಮಿತಿ ತೋರಿಸಿದರು. ಅಲ್ಲಿ ಗ್ಯಾಪ್ ಕಡೇಪಕ್ಷ ಉದ್ದಕ್ಕೆ ವಿಲೋಮವಾಗಿ ಕುಗ್ಗಲೇಬೇಕು. ಸರಿಯಾಗಿ ಬಿಡಿಸಬಲ್ಲ ಕೆಲವು ಮಾದರಿಗಳಲ್ಲಿ ಘನಕ್ಕೆ ವಿಲೋಮ.

ಸೀಮಿತ ಗಾತ್ರದಲ್ಲಿ ಗ್ಯಾಪ್ ಸೊನ್ನೆ ಆಗುವುದೇ ಇಲ್ಲವಲ್ಲ. ಹಾಗಾದರೆ ಹಂತ ಬದಲಾವಣೆ ಎಲ್ಲಿದೆ?

ಮೊದಲು ಕಾಲವನ್ನು ಅನಂತಕ್ಕೆ ಒಯ್ದು ಆಮೇಲೆ ಗಾತ್ರವನ್ನು ಬೆಳೆಸಿದರೆ ಒಂದು ಉತ್ತರ. ಮೊದಲು ಗಾತ್ರ, ಆಮೇಲೆ ಕಾಲ ಅಂದರೆ ಇನ್ನೊಂದು ಉತ್ತರ. ಹಂತ ಬದಲಾವಣೆ ಇರುವುದು ಈ ಎರಡು ಬೇರೆ ಆಗುವ ಕಡೆ. ಪ್ರಯೋಗದಲ್ಲಿ ಗಾತ್ರವೂ ಸೀಮಿತ, ಕಾಲವೂ ಸೀಮಿತ. ಹಾಗಾಗಿ ಹಲವು ಗಾತ್ರಗಳಲ್ಲಿ ಅಳೆದು, ನಿಧಾನ ಹೇಗೆ ಬೆಳೆಯುತ್ತಿದೆ ಅಂತ ನೋಡುವುದೇ ದಾರಿ.

ಸಂಧಿಬಿಂದುವನ್ನು ದಾಟಿಕೊಂಡು ಹೋದರೆ ಏನಾಗುತ್ತದೆ?

ಕಿಬಲ್ 1976 ರಲ್ಲಿ, ಝುರೆಕ್ 1985 ರಲ್ಲಿ ಕೊಟ್ಟ ಯೋಚನೆ ಇಲ್ಲಿ ಬರುತ್ತದೆ. ಹತ್ತಿರ ಬಂದ ಹಾಗೆ ವ್ಯವಸ್ಥೆಯ ಗಡಿಯಾರ ನಿಧಾನ. ಎಲ್ಲೋ ಒಂದು ಕಡೆ, ಸಂಧಿಬಿಂದು ದಾಟಿಸಲು ನಾವು ಲೇಸರ್ ಬಲದಂಥದ್ದನ್ನು ಬದಲಿಸುವ ವೇಗಕ್ಕೆ ವ್ಯವಸ್ಥೆ ಹೊಂದಿಕೊಳ್ಳಲಾರದೆ ಹೆಪ್ಪುಗಟ್ಟುತ್ತದೆ. ದಾಟಿದ ಮೇಲೆ ತುಂಡು ತುಂಡಾಗಿ ಬೇರೆ ಬೇರೆ ಕಡೆ ವಾಲಿರುತ್ತದೆ. ಸರಾಸರಿ ಕ್ಷೇತ್ರದ ಘಾತಾಂಕಗಳನ್ನು ಹಾಕಿದರೆ, ತುಂಡಿನ ಉದ್ದ ಎರಡು ಪಟ್ಟಾಗಬೇಕಾದರೆ 16 ಪಟ್ಟು ನಿಧಾನ ಹೋಗಬೇಕು.

ಮುಚ್ಚಿದ ವ್ಯವಸ್ಥೆಯಲ್ಲಿ ನಿಧಾನ ಹೋದಷ್ಟೂ ಒಳ್ಳೆಯದು. ಹೊರಗಿನ ಗದ್ದಲ ಇದ್ದರೆ ಹಾಗಲ್ಲ. ಬಹಳ ನಿಧಾನ ಹೋದರೆ ಗದ್ದಲಕ್ಕೆ ಕೆಡಿಸಲು ಸಮಯ ಸಿಗುತ್ತದೆ. ನಡುವೆ ಎಲ್ಲೋ ಒಂದು ಹದ ಇರುತ್ತದೆ, ಅದನ್ನು ಹುಡುಕಬೇಕು.

ದೂರದಿಂದ ಹೊರಟದ್ದು ಹತ್ತಿರದಿಂದ ಹೊರಟದ್ದಕ್ಕಿಂತ ಬೇಗ ತಲುಪಬಹುದಾ?

ತಲುಪಬಹುದು. ಬಿಸಿ ನೀರು ತಣ್ಣೀರಿಗಿಂತ ಬೇಗ ಹೆಪ್ಪುಗಟ್ಟಬಹುದು ಅಂತ ಎಂಪೆಂಬಾ ಮತ್ತು ಆಸ್ಬೋರ್ನ್ 1969 ರಲ್ಲಿ ಬರೆದದ್ದರಿಂದ ಇದಕ್ಕೆ ಎಂಪೆಂಬಾ ಪರಿಣಾಮ ಅಂತ ಹೆಸರು. ನೀರಿನ ವಿಷಯದಲ್ಲಿ ವಾದ ಇನ್ನೂ ಇದೆ. ಲ್ಯೂವಿಲಿಯನ್‌ನಲ್ಲಿ ಮಾತ್ರ ಕಾರಣ ಸ್ಪಷ್ಟ. ಹೊರಡುವ ಸ್ಥಿತಿಯಲ್ಲಿ ಎಲ್ಲಕ್ಕಿಂತ ನಿಧಾನದ ಅಂಶ ಇಲ್ಲದ ಹಾಗೆ ಮಾಡಿದರೆ, ಮುಂದಿನ ಅಂಶದ ವೇಗದಲ್ಲಿ ನೆಲೆಗೆ ಬರುತ್ತದೆ. 2021 ರಲ್ಲಿ ಕರೋಲ್ಲೋ, ಲಸಾಂತಾ ಮತ್ತು ಲೆಸನೋವ್‌ಸ್ಕಿ, ಶುರುವಿನಲ್ಲಿ ಒಂದು ಸರಿಯಾದ ತಿರುವು ಕೊಟ್ಟು ಇದನ್ನು ಸಾಧಿಸಬಹುದು ಅಂತ ತೋರಿಸಿದರು. ಸಂಧಿಬಿಂದುವಿನ ಹತ್ತಿರ ಇದರಿಂದ ಸಿಗುವ ಲಾಭ ದೊಡ್ಡದು, ಯಾಕೆಂದರೆ ನಿಧಾನದ ಅಂಶ ಅಲ್ಲಿ ಬಹಳವೇ ನಿಧಾನ.

ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವಾಗ ಏನು ಎಚ್ಚರ ಬೇಕು?

ಮುಕ್ತ ವ್ಯವಸ್ಥೆಯ ಸ್ಥಿತಿಯನ್ನು ಡೆನ್ಸಿಟಿ ಮ್ಯಾಟ್ರಿಕ್ಸ್ ಅನ್ನುವ ಸಂಖ್ಯೆಗಳ ಕೋಷ್ಟಕದಲ್ಲಿ ಬರೆಯುತ್ತಾರೆ. 10 ಸ್ಪಿನ್‌ಗಳಾದರೆ ಅದರಲ್ಲಿ ಸುಮಾರು 10.5 ಲಕ್ಷ ಸಂಖ್ಯೆಗಳಿವೆ. ಅದರ ಮೇಲೆ ಕೆಲಸ ಮಾಡುವ ಲ್ಯೂವಿಲಿಯನ್ ಅನ್ನು ಪೂರ್ತಿ ಬರೆದರೆ 1.1 ಲಕ್ಷ ಕೋಟಿ ಜಾಗಗಳು. ಬಹುಪಾಲು ಸೊನ್ನೆ ಆದ್ದರಿಂದ ಬಚಾವು. ಒಂದೊಂದೇ ಸ್ಪಿನ್ ಸೇರಿಸಿದಾಗಲೂ ಡೆನ್ಸಿಟಿ ಮ್ಯಾಟ್ರಿಕ್ಸ್ ನಾಲ್ಕು ಪಟ್ಟು ಬೆಳೆಯುತ್ತದೆ. ಇದಕ್ಕೆ ಪರ್ಯಾಯ, 1992 ರಲ್ಲಿ ಡಾಲಿಬಾರ್, ಕಾಸ್ಟಿನ್, ಮೋಲ್ಮರ್ ಕೊಟ್ಟ ಜಿಗಿತದ ವಿಧಾನ. 10 ಸ್ಪಿನ್‌ಗೆ ಬರೀ 1,024 ಸಂಖ್ಯೆಗಳ ಒಂದು ಸ್ಥಿತಿಯನ್ನು, ನಡುನಡುವೆ ಯಾದೃಚ್ಛಿಕ ಜಿಗಿತ ಹಾಕುತ್ತಾ ನಡೆಸಬೇಕು. ಹಾಗೆ ಅನೇಕ ಓಟಗಳ ಸರಾಸರಿ ತೆಗೆಯಬೇಕು. ತಪ್ಪು ಹತ್ತು ಪಟ್ಟು ಕಡಿಮೆ ಆಗಬೇಕಾದರೆ ಓಟ ನೂರು ಪಟ್ಟು ಬೇಕು.

ಎಚ್ಚರದ ಮಾತು ಒಂದು. ನಾನು ಕಲಿಯುವಾಗ ಒಂದು ಲೆಕ್ಕ ಓಡಿಸಿದ್ದೆ. ರೇಖೆ ಮಟ್ಟಸವಾಯಿತು, ನೆಲೆ ಸಿಕ್ಕಿತು ಅಂದುಕೊಂಡೆ. ಎಷ್ಟೋ ದಿನದ ಮೇಲೆ ಅದನ್ನೇ ಎಲ್ಲಾ ಸ್ಪಿನ್ ಮಗುಚಿ ಹೊರಡಿಸಿದೆ. ರೇಖೆ ಮತ್ತೆ ಮಟ್ಟಸವಾಯಿತು, ಆದರೆ ಬೇರೆ ಎತ್ತರದಲ್ಲಿ. ಎರಡೂ ನೆಲೆ ಆಗಿರಲಿಲ್ಲ, ಎರಡೂ ತಂಗುದಾಣ. ಅವತ್ತಿನಿಂದ ಎರಡು ವಿರುದ್ಧ ತುದಿಗಳಿಂದ ಹೊರಡಿಸಿ, ಎರಡೂ ಒಂದೇ ಕಡೆ ಸೇರುವವರೆಗೆ ಉತ್ತರವನ್ನು ನಂಬುವುದಿಲ್ಲ. ನೀವೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ.

ಬೇರೆ ಯಾವ ಪ್ರಯೋಗಗಳಲ್ಲಿ ಈ ನಿಧಾನ ಕಂಡಿದೆ?

2013 ರಲ್ಲಿ ಸೀಸಿಯಂ ಆವಿಯ ರಿಡ್‌ಬರ್ಗ್ ಪರಮಾಣುಗಳಲ್ಲಿ (ಎಲೆಕ್ಟ್ರಾನ್ ಬಹಳ ಎತ್ತರದ ಮಟ್ಟಕ್ಕೆ ಏರಿದ ಪರಮಾಣುಗಳು) ಕಂಡಿದೆ. ಲೇಸರ್ ಬದಲಿಸಿ, ಹೊಸ ನೆಲೆಗೆ ಬರಲು ಹಿಡಿಯುವ ಹೊತ್ತು ಸಂಧಿಬಿಂದುವಿನ ಹತ್ತಿರ ಏರುವುದನ್ನು ಅಳೆದರು. 2017 ರಲ್ಲಿ 72 ಮೈಕ್ರೋವೇವ್ ಕ್ಯಾವಿಟಿಗಳ ಸರಪಳಿಯಲ್ಲಿ ಎರಡು ಸ್ಥಿತಿಗಳ ನಡುವಿನ ನಿಧಾನ ನೆಗೆತಗಳು ಕಂಡವು.

ನಿಧಾನ ಆಗುವುದರಿಂದ ಏನಾದರೂ ಉಪಯೋಗ ಇದೆಯಾ?

ಇದೆ. ನೆಲೆಗೆ ಬರಲು ತಡ ಅಂದರೆ ಹಳೆಯದು ನೆನಪಿನಲ್ಲಿ ಉಳಿದಿದೆ ಅಂತ ಅರ್ಥ ಅಲ್ವಾ? ಕ್ಯಾಟ್ ಕ್ಯೂಬಿಟ್‌ಗಳು ಇದನ್ನೇ ಬಳಸುತ್ತವೆ. ಅವುಗಳಲ್ಲಿ ಫೋಟಾನ್‌ಗಳು ಜೋಡಿ ಜೋಡಿಯಾಗಿ ಒಳಗೆ ಬರುವಂತೆ, ಜೋಡಿಯಾಗಿಯೇ ಹೊರಹೋಗುವಂತೆ ಏರ್ಪಾಡು ಮಾಡುತ್ತಾರೆ. ಆಗ ಕ್ಯಾವಿಟಿಯ ಬೆಳಕು ಎರಡು ವಿರುದ್ಧ ಫೇಸ್‌ಗಳಲ್ಲಿ ಒಂದರಲ್ಲಿ ನಿಲ್ಲುತ್ತದೆ. ಒಂದರಿಂದ ಇನ್ನೊಂದಕ್ಕೆ ನೆಗೆಯುವುದು, ಫೋಟಾನ್‌ಗಳ ಸಂಖ್ಯೆ ಹೆಚ್ಚಿದ ಹಾಗೆ ಘಾತೀಯವಾಗಿ ಅಪರೂಪ. 2020 ರಲ್ಲಿ ಪ್ರಯೋಗದಲ್ಲಿ ಇದನ್ನು ತೋರಿಸಿದರು. ಬೆಲೆಯೂ ಇದೆ: ಎರಡು ಸ್ಥಿತಿಗಳ ಬೆರಕೆಯ ಫೇಸ್ ತಪ್ಪುವುದು ಫೋಟಾನ್ ಸಂಖ್ಯೆಯ ಜೊತೆ ನೇರವಾಗಿ ಏರುತ್ತದೆ. ಒಂದು ಬಗೆಯ ತಪ್ಪು ಹೀಗೆ ಬಹುತೇಕ ನಿಂತರೆ, ಉಳಿದ ಇನ್ನೊಂದನ್ನು ಮಾತ್ರ ತಿದ್ದಲು ಕಡಿಮೆ ಕ್ಯೂಬಿಟ್‌ಗಳು ಸಾಕಾಗುತ್ತವೆ.